ಎಲ್ಕ್ ಬೇಟೆಗೆ ಯಾವ ತೋಟೆ? ಮೊದಲು ನಿಮ್ಮ ಭುಜವನ್ನು ಕೇಳಿ

ಪ್ರಶ್ನೆ: ನಾನು ವಿರಾಜಪೇಟೆ ಕಡೆಯವನು. ಡೆನ್ವರ್‌ಗೆ ಬಂದು 11 ವರ್ಷವಾಯಿತು, ಗ್ರೀನ್ ಕಾರ್ಡ್ ಇದೆ. ಊರಲ್ಲಿ ಕೈಲ್ ಮುಹೂರ್ತದ ದಿನ ಅಜ್ಜನ ಜೋಡಿನಳಿಗೆ ಕೋವಿಯಲ್ಲಿ ತೆಂಗಿನಕಾಯಿಗೆ ಹೊಡೆದದ್ದು ಬಿಟ್ಟರೆ ಬೇರೆ ಅನುಭವ ಇಲ್ಲ. ಈ ವರ್ಷ ಇಲ್ಲಿ ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿದೆ. ಅಕ್ಟೋಬರ್‌ಗೆ ಹೆಣ್ಣು ಎಲ್ಕ್ (ಕಡವೆಯಂಥ ದೊಡ್ಡ ಜಿಂಕೆ) ಬೇಟೆಯ ಲೈಸೆನ್ಸ್ ಸಿಕ್ಕಿದೆ. ಮುಂದೆ ಮ್ಯೂಲ್ ಡೀರ್ ಅನ್ನುವ ಚಿಕ್ಕ ಜಿಂಕೆ, ಅದೃಷ್ಟ ಇದ್ದರೆ ಒಂದು ದಿನ ಎಲ್ಲಕ್ಕಿಂತ ದೊಡ್ಡ ಜಿಂಕೆಯಾದ ಮೂಸ್. ಎಲ್ಲಕ್ಕೂ ಒಂದೇ ರೈಫಲ್ ಕೊಳ್ಳುವ ಯೋಚನೆ. ಆಫೀಸಿನ ಗೆಳೆಯರೊಬ್ಬರು ತಮ್ಮ .300 ವಿನ್ ಮ್ಯಾಗ್ (ವಿಂಚೆಸ್ಟರ್ ಮ್ಯಾಗ್ನಮ್) ಅನ್ನುವ ದೊಡ್ಡ ತೋಟೆಯ ರೈಫಲ್ಲನ್ನು ಅರ್ಧ ಬೆಲೆಗೆ ಕೊಡುತ್ತೇನೆ ಅನ್ನುತ್ತಿದ್ದಾರೆ. "ಎಲ್ಕ್‌ಗೆ ಇದಕ್ಕಿಂತ ಚಿಕ್ಕದು ಹಿಡಿದರೆ ಪ್ರಾಣಿ ಗಾಯ ಆಗಿ ಓಡಿಹೋಗುತ್ತೆ" ಅನ್ನೋದು ಅವರ ಮಾತು. ಅಂಗಡಿಯವರು ಅದಕ್ಕಿಂತ ಚಿಕ್ಕ ತೋಟೆ, 6.5 ಕ್ರೀಡ್‌ಮೂರ್ ಸಾಕು ಅಂತಾರೆ. ನನ್ನ ಹೆಂಡತಿಗೂ ಕಲಿಯುವ ಆಸೆ ಇದೆ, ಅವಳದು ಸಣ್ಣ ಮೈಕಟ್ಟು. ಎಚ್‌-1ಬಿ ವೀಸಾದಲ್ಲಿರುವ ಗೆಳೆಯನೊಬ್ಬ ಜೊತೆಗೆ ಬರುತ್ತೇನೆ ಅನ್ನುತ್ತಿದ್ದಾನೆ. ನಿಜ ಹೇಳಬೇಕೆಂದರೆ, ಪ್ರಾಣಿಯನ್ನು ಗಾಯ ಮಾಡಿ ಕಳೆದುಕೊಂಡರೆ ಅನ್ನುವ ಭಯ ನನ್ನ ನಿದ್ದೆ ಕೆಡಿಸಿದೆ. ಯಾವುದನ್ನು ತಗೊಳ್ಳಲಿ?

ಉತ್ತರ: ಈ ಭಯ ಇಟ್ಟುಕೊಂಡು ರೈಫಲ್ ಕೊಳ್ಳಲು ಹೊರಟಿದ್ದೀರಲ್ಲ, ಅದು ನನಗೆ ತುಂಬಾ ಹಿಡಿಸಿತು. ನಾನು ಸಕಲೇಶಪುರದ ಹತ್ತಿರ ಕಾಫಿ ತೋಟದಲ್ಲಿ ಬೆಳೆದವನು. ಕೊಲೊರಾಡೊದಲ್ಲಿ 26 ವರ್ಷದಿಂದ ಕೋವಿ ರಿಪೇರಿ ನನ್ನ ಕಸುಬು, ಬಿಡುವಿನಲ್ಲಿ ಹೊಸ ಬೇಟೆಗಾರರಿಗೆ ಪಾಠ. ಪ್ರತಿ ಆಗಸ್ಟ್‌ನಲ್ಲಿ ಯಾರಾದರೂ ನನ್ನ ಮೇಜಿನ ಮುಂದೆ ನಿಂತು ಇದೇ ಪ್ರಶ್ನೆ ಕೇಳುತ್ತಾರೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಗೆಳೆಯರ .300 ಈಗ ಬೇಡ. ಒಂದು .308 ವಿಂಚೆಸ್ಟರ್ ರೈಫಲ್ ತಗೊಳ್ಳಿ. ಉಳಿದ ದುಡ್ಡನ್ನು ಒಳ್ಳೆಯ ಗುಂಡಿರುವ ತೋಟೆಗೂ ಅಭ್ಯಾಸಕ್ಕೂ ಹಾಕಿ. ಈ ವರ್ಷ 200 ಗಜದಿಂದಾಚೆ ಕುದುರೆ (ಟ್ರಿಗರ್) ಎಳೆಯಬೇಡಿ. ಯಾಕೆ ಅಂತ ಕೇಳುತ್ತೀರಿ, ಹೇಳುತ್ತೇನೆ.

ನಿಮ್ಮ ಗೆಳೆಯರು ಹೇಳಿದ ಮಾತಿನ ಹಿಂದೆ ಒಂದು ಹಳೇ ನಂಬಿಕೆ ಇದೆ. ದೊಡ್ಡ ತೋಟೆಗೆ ಪ್ರಾಣಿಯನ್ನು ನಿಂತಲ್ಲೇ ಕೆಡವುವ ಶಕ್ತಿ ಇರುತ್ತೆ ಅನ್ನೋದು. ಒಂದು ಲೆಕ್ಕ ಮಾಡೋಣ. .30-06 ಅನ್ನುವ ಹಳೇ ತೋಟೆಯ 180 ಗ್ರೇನ್ ಗುಂಡಿನ ತೂಕ 11.7 ಗ್ರಾಂ. ನಳಿಗೆಯಿಂದ ಹೊರಟಾಗ ವೇಗ ಸೆಕೆಂಡಿಗೆ ಸುಮಾರು 820 ಮೀಟರ್. ಈ ಗುಂಡು 300 ಕೆಜಿ ತೂಗುವ ಪ್ರಾಣಿಯ ಮೈಯಲ್ಲೇ ನಿಂತುಬಿಟ್ಟರೆ ಅದು ಪ್ರಾಣಿಯನ್ನು ತಳ್ಳುವುದು ಎಷ್ಟು ಗೊತ್ತಾ? ಸೆಕೆಂಡಿಗೆ ಮೂರು ಸೆಂಟಿಮೀಟರ್. ಕರು ಬಂದು ಹಾಯ್ದರೂ ಅದಕ್ಕಿಂತ ಜಾಸ್ತಿ ತಳ್ಳುತ್ತೆ. .300 ಮ್ಯಾಗ್ನಮ್ ಹಾಕಿದರೂ ಮೂರೂವರೆ ಆಗಬಹುದು, ಅಷ್ಟೇ. ಗುಂಡಿಗೆ ಪ್ರಾಣಿಯನ್ನು ಉರುಳಿಸುವಷ್ಟು ತಳ್ಳುಬಲ ಇದ್ದಿದ್ದರೆ ಕೋವಿ ಹಿಡಿದವನೂ ಹಿಂದಕ್ಕೆ ಉರುಳುತ್ತಿದ್ದ.

ಹಾಗಾದರೆ ಪ್ರಾಣಿ ಸಾಯುವುದು ಹೇಗೆ? ಎರಡೂ ಶ್ವಾಸಕೋಶದ ಮೂಲಕ, ಇಲ್ಲವೇ ಹೃದಯದ ಮೂಲಕ ಗುಂಡು ಹಾದುಹೋದಾಗ ರಕ್ತದ ಒತ್ತಡ ಕುಸಿಯುತ್ತದೆ. ಮಿದುಳಿಗೆ ಆಮ್ಲಜನಕ ನಿಲ್ಲುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ. ಆ ಕೆಲವು ಸೆಕೆಂಡಿನಲ್ಲೂ ಎಲ್ಕ್ ನೂರು ಗಜ ಓಡಬಲ್ಲದು. ಓಡಿತು ಅಂದರೆ ತೋಟೆ ಸಾಲಲಿಲ್ಲ ಅಂತ ಅಲ್ಲ. ಎರಡೂ ಶ್ವಾಸಕೋಶ ತೂತಾದ ಎಲ್ಕ್‌ಗೆ ತಾನು ಸತ್ತಿರುವುದು ಇನ್ನೂ ಗೊತ್ತಾಗಿಲ್ಲ, ಅಷ್ಟೇ. ಗುಂಡು ಹೊಟ್ಟೆಗೆ ಬಿದ್ದರೆ ಮಾತ್ರ ಅದು .300 ಆಗಿರಲಿ, ಇನ್ನೂ ದೊಡ್ಡದಾಗಿರಲಿ, ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ.

ಅಂದರೆ ಮೊದಲನೆಯದು, ಗುಂಡು ಎಲ್ಲಿ ಬಿತ್ತು. ಎರಡನೆಯದು, ಬಿದ್ದ ಮೇಲೆ ಏನು ಮಾಡಿತು. ತೋಟೆಯ ಹೆಸರು ಮೂರನೆಯದು.

ನಮ್ಮೂರಲ್ಲಿ ಹನ್ನೆರಡು ಬೋರಿನ ಕೋವಿಗೆ ತೋಟೆ ಅಂದರೆ ಒಂದೇ, ಒಳಗೆ ಚರೆ ಬೇರೆ ಬೇರೆ. ರೈಫಲ್ಲಿನಲ್ಲಿ ಹಾಗಲ್ಲ. ಹಿತ್ತಾಳೆ ಕೊಳವೆ, ಅದರ ತಳದಲ್ಲಿ ಕೇಪು, ಒಳಗೆ ಮದ್ದು, ತುದಿಯಲ್ಲಿ ಗುಂಡು. ಇಷ್ಟೂ ಸೇರಿದರೆ ತೋಟೆ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವ .308, .30-06 ಎಲ್ಲ ಕೊಳವೆಯ ಅಳತೆಯ ಹೆಸರು. ಪ್ರಾಣಿಯ ಮೈಯೊಳಗೆ ಹೋಗುವುದು ಗುಂಡು ಮಾತ್ರ. ಜನ ಕೊಳವೆಯ ಬಗ್ಗೆ ರಾತ್ರಿಯಿಡೀ ಜಗಳ ಆಡುತ್ತಾರೆ, ಗುಂಡಿನ ಬಗ್ಗೆ ಒಂದು ಮಾತೂ ಕೇಳುವುದಿಲ್ಲ.

1946ರಲ್ಲಿ ಜಾನ್ ನೋಸ್ಲರ್ ಎಂಬ ಅಮೆರಿಕನ್ ಬೇಟೆಗಾರ ಕೆನಡಾದ ಬ್ರಿಟಿಷ್ ಕೊಲಂಬಿಯಾಕ್ಕೆ ಮೂಸ್ ಬೇಟೆಗೆ ಹೋದರು. ಕೈಯಲ್ಲಿದ್ದದ್ದು .300 ಎಚ್ ಆಂಡ್ ಎಚ್ (ಹಾಲೆಂಡ್ ಆಂಡ್ ಹಾಲೆಂಡ್) ಮ್ಯಾಗ್ನಮ್. ಆ ಕಾಲಕ್ಕೆ ಅದು ಸಣ್ಣ ತೋಟೆ ಅಲ್ಲವೇ ಅಲ್ಲ. ಎದುರಿಗೆ ಮೈಗೆಲ್ಲ ಕೆಸರು ಮೆತ್ತಿಕೊಂಡ ಗಂಡು ಮೂಸ್. ಗುಂಡಿನ ಮೇಲೆ ಗುಂಡು ಬಿದ್ದರೂ ಅದು ಬೀಳಲಿಲ್ಲ. ಗುಂಡುಗಳು ಅತಿ ವೇಗದಲ್ಲಿ ಹೋಗಿ, ಒಳಗೆ ಇಳಿಯುವ ಮೊದಲೇ ಒಡೆದು ಚೂರಾಗುತ್ತಿದ್ದವು. ನೋಸ್ಲರ್ ಮನೆಗೆ ಬಂದು ಇನ್ನೂ ದೊಡ್ಡ ಕೋವಿ ಕೊಳ್ಳಲಿಲ್ಲ. ಗುಂಡನ್ನೇ ಬದಲಾಯಿಸಿದರು. ತಾಮ್ರದ ಕವಚದ ನಡುವೆ ಒಂದು ಅಡ್ಡಗೋಡೆ ಇಟ್ಟರು. ಮುಂದಿನ ಅರ್ಧ ಹೂವಿನಂತೆ ಅರಳುತ್ತದೆ, ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ಒಳಗೆ ನುಗ್ಗುತ್ತದೆ. ಅದೇ ಪಾರ್ಟಿಷನ್ ಗುಂಡು. 1948ರಲ್ಲಿ ಅದನ್ನು ಮಾರಲು ಕಂಪನಿ ಶುರುವಾಯಿತು. ಇವತ್ತಿಗೂ ಅದು ಅಂಗಡಿಯಲ್ಲಿ ಸಿಗುತ್ತದೆ.

ನನ್ನ ಮೇಜಿನ ಡ್ರಾಯರ್‌ನಲ್ಲಿ ಒಂದು ಹಳೇ ಬೆಂಕಿಪೊಟ್ಟಣ ಇದೆ. ಅದರಲ್ಲಿ ಎಲ್ಕ್ ಮೈಯಿಂದ ತೆಗೆದ ಎರಡು ಗುಂಡುಗಳಿವೆ. ಹೊಸಬರ ಅಂಗೈ ಮೇಲೆ ಎರಡನ್ನೂ ಇಡುತ್ತೇನೆ. ಒಂದು ಸಾದಾ ಸೀಸದ ಗುಂಡು. ಹೆಗಲ ಮೂಳೆಗೆ ತಾಗಿ ಸೀಸ ಎಲ್ಲ ಉದುರಿಹೋಗಿದೆ. ಉಳಿದಿರುವುದು ಹರಿದ ತಾಮ್ರದ ಕವಚ, ಕಡಲೆ ಸಿಪ್ಪೆಯ ಹಾಗೆ ಹಗುರ. ಇನ್ನೊಂದು ಪೂರ್ತಿ ತಾಮ್ರದ ಗುಂಡು. ಮೂಳೆ ಒಡೆದು, ಎರಡೂ ಶ್ವಾಸಕೋಶ ದಾಟಿ, ಆಚೆ ಬದಿಯ ಚರ್ಮದಡಿ ಸಿಕ್ಕಿಕೊಂಡಿತ್ತು. ನಾಲ್ಕು ಎಸಳು ಹಿಂದಕ್ಕೆ ಮಡಚಿಕೊಂಡಿವೆ. ತಕ್ಕಡಿಯಲ್ಲಿಟ್ಟರೆ ತೂಕ ಹೆಚ್ಚುಕಡಿಮೆ ಹೊಸ ಗುಂಡಿನಷ್ಟೇ. ಎರಡನ್ನೂ ಹಾರಿಸಿದ್ದು ಒಂದೇ ಅಳತೆಯ ತೋಟೆ. ಎಲ್ಕ್‌ಗೆ ಯಾವ ತೋಟೆ ಅನ್ನುವ ಪ್ರಶ್ನೆಗೆ ನನ್ನ ಅರ್ಧ ಉತ್ತರ ಆ ಪೊಟ್ಟಣದಲ್ಲಿದೆ.

ಹಾಗಾಗಿ ಎಲ್ಕ್‌ಗೆ ಮೂರು ಬಗೆಯ ಗುಂಡಿನಲ್ಲಿ ಒಂದನ್ನು ಆರಿಸಿ: ಪಾರ್ಟಿಷನ್ ತರಹ ಅಡ್ಡಗೋಡೆ ಇರುವುದು, ಸೀಸವನ್ನು ಕವಚಕ್ಕೆ ಬೆಸೆದ ಬಾಂಡೆಡ್ ಗುಂಡು, ಇಲ್ಲವೇ ಪೂರ್ತಿ ತಾಮ್ರದ್ದು. ಮ್ಯೂಲ್ ಡೀರ್‌ಗೆ ಸಾದಾ ಗುಂಡೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದರ ಮೂಳೆ ತೆಳು, ಎದೆ ಕಿರಿದು. ರೇಂಜ್‌ನಲ್ಲಿ ಅಗ್ಗಕ್ಕೆ ಸಿಗುವ ಮಿಲಿಟರಿ ನಮೂನೆಯ, ಪೂರ್ತಿ ಕವಚ ಹೊದಿಸಿದ ಗುಂಡು ಮಾತ್ರ ಯಾವ ಬೇಟೆಗೂ ಬೇಡ. ಅದು ಅರಳದೆ ಸೂಜಿಯಂತೆ ತೂರಿಹೋಗುತ್ತದೆ. ಕೊಲೊರಾಡೊದಲ್ಲಿ ಅದು ಕಾನೂನುಬಾಹಿರ ಕೂಡ.

ಕಾನೂನಿನ ಮಾತು ಬಂತಲ್ಲ, ಇಲ್ಲಿನ ನಿಯಮವನ್ನೇ ನೋಡಿ. ಕನಿಷ್ಠ .24 ಕ್ಯಾಲಿಬರ್, ಅಂದರೆ ಗುಂಡಿನ ದಪ್ಪ 0.24 ಇಂಚು. ಅರಳುವ ಗುಂಡೇ ಆಗಬೇಕು. ಡೀರ್, ಪ್ರಾಂಗ್‌ಹಾರ್ನ್ (ಹುಲ್ಲೆಯಂಥ ಪ್ರಾಣಿ), ಕರಡಿಗೆ ಗುಂಡಿನ ತೂಕ ಕನಿಷ್ಠ 70 ಗ್ರೇನ್, ಎಲ್ಕ್ ಮತ್ತು ಮೂಸ್‌ಗೆ 85 ಗ್ರೇನ್. 100 ಗಜದಲ್ಲಿ 1,000 ಫುಟ್-ಪೌಂಡ್ ಶಕ್ತಿ ಉಳಿದಿರಬೇಕು. ನಿಮಗೆ ಹೇಳಿರುವ ಎಲ್ಲ ತೋಟೆಗಳೂ ಈ ಗೆರೆಯನ್ನು ಸುಲಭವಾಗಿ ದಾಟುತ್ತವೆ. ಆದರೆ ಇದು ಕಾನೂನಿನ ಕೆಳಗಿನ ಮೆಟ್ಟಿಲು ಅಷ್ಟೇ. 85 ಗ್ರೇನ್ ಗುಂಡು ಹಿಡಿದು ಎಲ್ಕ್‌ಗೆ ಹೋಗಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹಳೇ ಬೇಟೆಗಾರರು ಎಲ್ಕ್‌ಗೆ ಗುಂಡು ಬೀಳುವ ಜಾಗದಲ್ಲಿ 1,500 ಫುಟ್-ಪೌಂಡ್ ಇರಲಿ ಅನ್ನುತ್ತಾರೆ. ಅದು ಬಾಯಿಮಾತಿನ ಲೆಕ್ಕ. ಆದರೂ ಹೊಸಬರಿಗೆ ಒಂದು ಒಳ್ಳೆಯ ಬೇಲಿ.

ಈಗ ಪ್ರಾಣಿಯ ಬಗ್ಗೆ. ನೀವು ನಾಗರಹೊಳೆ ರಸ್ತೆಯಲ್ಲಿ ಕಡವೆ ನೋಡಿರುತ್ತೀರಿ ಅಲ್ವಾ? ಹೆಣ್ಣು ಎಲ್ಕ್ ಅಂದರೆ ದೊಡ್ಡ ಗಂಡು ಕಡವೆಯ ಗಾತ್ರ ಅಂತ ಇಟ್ಟುಕೊಳ್ಳಿ, 225 ಕೆಜಿ ಆಸುಪಾಸು. ಗಂಡು ಎಲ್ಕ್ 300 ದಾಟುತ್ತದೆ. ಮ್ಯೂಲ್ ಡೀರ್ ಗಂಡು 70ರಿಂದ 110. ಇಲ್ಲಿನ ಗಂಡು ಮೂಸ್ 400 ಕೆಜಿಯ ಹತ್ತಿರ. ತೂಕಕ್ಕಿಂತ ಮುಖ್ಯವಾದದ್ದು ಎದೆಯ ದಪ್ಪ. ಪ್ರಾಣಿ ಸರಿಯಾಗಿ ಅಡ್ಡಲಾಗಿ ನಿಂತಿದ್ದರೆ ಪಕ್ಕೆಲುಬಿನ ನಡುವೆ ಹೋಗುವ ಗುಂಡಿಗೆ ದೊಡ್ಡ ಕೆಲಸವೇನಿಲ್ಲ. ನಿಮ್ಮ ಕಡೆ ಓರೆಯಾಗಿ ಮುಖ ಮಾಡಿ ನಿಂತಿದ್ದರೆ ಹೆಗಲ ಮೂಳೆ ಒಡೆದು ಅರ್ಧ ಮೀಟರ್ ಒಳಗೆ ಹೋಗಬೇಕು. ಭಾರದ ಗುಂಡು, ಗಟ್ಟಿ ಗುಂಡು ಬೇಕಾಗುವುದು ಇಲ್ಲಿಯೇ. ಮೂಸ್ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಅದರ ಲೈಸೆನ್ಸ್ ಲಾಟರಿಯಲ್ಲಿ ಸಿಗಲು ವರ್ಷಗಟ್ಟಲೆ ಕಾಯಬೇಕು. ಎಲ್ಕ್‌ಗೆ ಸಾಲುವ ತೋಟೆ ಮೂಸ್‌ಗೂ ಸಾಲುತ್ತದೆ.

ಇನ್ನು 6.5 ಕ್ರೀಡ್‌ಮೂರ್. 2007ರಲ್ಲಿ ಬಂದದ್ದು, ಮೊದಲು ಗುರಿ ಸ್ಪರ್ಧೆಯವರಿಗಾಗಿ. "ಅದು ಎಲ್ಕ್‌ನ ಗಾಯ ಮಾಡುತ್ತೆ ಅಷ್ಟೇ" ಅನ್ನುವವರು ಸ್ವೀಡನ್ ಕಡೆ ನೋಡಬೇಕು. ಅಲ್ಲಿನ ಜನ ನೂರಕ್ಕೂ ಹೆಚ್ಚು ವರ್ಷದಿಂದ 6.5×55ರಲ್ಲಿ ಮೂಸ್ ಹೊಡೆಯುತ್ತಾ ಬಂದಿದ್ದಾರೆ. ಕ್ರೀಡ್‌ಮೂರ್‌ಗೂ ಅದಕ್ಕೂ ಗುಂಡಿನ ದಪ್ಪ ಒಂದೇ, ಬಲವೂ ಹೆಚ್ಚುಕಡಿಮೆ ಒಂದೇ. ಆದರೆ ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಬೇಕು. ಸ್ವೀಡನ್‌ನವರು ನಾಯಿ ಬಿಟ್ಟು, ಕಾಡಿನೊಳಗೆ, ಹತ್ತಿರದಿಂದ ಹೊಡೆಯುತ್ತಾರೆ. ಇಲ್ಲಿ ಬಯಲು ಬೆಟ್ಟದಲ್ಲಿ ಕಣಿವೆಯಾಚೆಯ ಪ್ರಾಣಿಗೆ ಗುರಿ ಇಡುವ ಆಸೆ ಹುಟ್ಟುತ್ತದೆ. 143 ಗ್ರೇನ್ ಗುಂಡಿನಲ್ಲಿ ಆ 1,500ರ ಬೇಲಿ 400 ಗಜದ ಹತ್ತಿರ ಮುಗಿಯುತ್ತದೆ. ಒಳ್ಳೆಯ ಗುಂಡು ಹಾಕಿ, 300 ಗಜದೊಳಗೆ, ಅಡ್ಡ ನಿಂತ ಪ್ರಾಣಿಗೆ ಹೊಡೆದರೆ 6.5 ಸಾಕು. ಓರೆ ನಿಂತಾಗ ತಪ್ಪಿಗೆ ಜಾಗ ಕಡಿಮೆ. ನಿಮ್ಮ ಅಂಗಡಿಯವರು ಸುಳ್ಳು ಹೇಳಿಲ್ಲ. ಅರ್ಧ ಹೇಳಿದ್ದಾರೆ.

.300 ವಿನ್ ಮ್ಯಾಗ್ 1963ರದ್ದು. ಒಳ್ಳೆಯ ತೋಟೆ, ಅದರ ಮೇಲೆ ನನಗೆ ಕೋಪ ಇಲ್ಲ. 180 ಗ್ರೇನ್ ಗುಂಡನ್ನು ಸೆಕೆಂಡಿಗೆ ಸುಮಾರು 2,960 ಅಡಿ ವೇಗದಲ್ಲಿ ಕಳಿಸುತ್ತದೆ. .30-06 ಅದೇ ಗುಂಡನ್ನು 2,700ರಲ್ಲಿ ಕಳಿಸುತ್ತದೆ. ಈ ವ್ಯತ್ಯಾಸದಿಂದ ನಿಮಗೆ ಸಿಗುವುದೇನು? ಎರಡನ್ನೂ 200 ಗಜಕ್ಕೆ ಗುರಿ ಕೂಡಿಸಿದರೆ (ಆ ದೂರದಲ್ಲಿ ಗುರಿಯಿಟ್ಟಲ್ಲೇ ಬೀಳುವಂತೆ ಸ್ಕೋಪ್ ಹೊಂದಿಸಿದರೆ) 300 ಗಜದಲ್ಲಿ ಒಂದು ಸುಮಾರು ಏಳು ಇಂಚು ಕೆಳಗೆ ಬೀಳುತ್ತದೆ, ಇನ್ನೊಂದು ಎಂಟೂವರೆ. ಒಂದೂವರೆ ಇಂಚಿನ ಲಾಭ. ಎಲ್ಕ್‌ನ ಹೃದಯ, ಶ್ವಾಸಕೋಶದ ಜಾಗ ಒಂದು ಅಡಿಗಿಂತ ಅಗಲ ಇರುತ್ತದೆ. ಅದೇ 300 ಗಜದಲ್ಲಿ ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ ಯಾವ ಗುಂಡನ್ನಾದರೂ ಆರೇಳು ಇಂಚು ಪಕ್ಕಕ್ಕೆ ತಳ್ಳುತ್ತದೆ. ಗಾಳಿ ಓದಲು ಬಾರದವನಿಗೆ ಮ್ಯಾಗ್ನಮ್ ಸಹಾಯ ಮಾಡುವುದಿಲ್ಲ.

ಅದಕ್ಕೆ ಕೊಡಬೇಕಾದ ಬೆಲೆ, ಹಾರಿಸಿದಾಗ ರೈಫಲ್ ಭುಜಕ್ಕೆ ಕೊಡುವ ಒದೆತ. ಎಂಟು ಪೌಂಡ್ ಆಸುಪಾಸಿನ ರೈಫಲ್‌ನಲ್ಲಿ 6.5 ಕ್ರೀಡ್‌ಮೂರ್ ಒದೆಯುವುದು ಸುಮಾರು 12 ಫುಟ್-ಪೌಂಡ್. .308 ಹದಿನೇಳರ ಹತ್ತಿರ. .30-06 ಇಪ್ಪತ್ತು. .300 ವಿನ್ ಮ್ಯಾಗ್ 26, ಹಗುರ ರೈಫಲ್ ಆದರೆ ಇನ್ನೂ ಜಾಸ್ತಿ. ಹೆಚ್ಚಿನ ಜನ ಇಪ್ಪತ್ತರವರೆಗೆ ಅಭ್ಯಾಸದಿಂದ ಒಗ್ಗಿಕೊಳ್ಳುತ್ತಾರೆ. ಅದರ ಮೇಲೆ ಹೋದರೆ ದೇಹ ತನ್ನಷ್ಟಕ್ಕೇ ಬೆಚ್ಚಲು ಶುರುಮಾಡುತ್ತದೆ. ಬೆಚ್ಚುತ್ತಿದ್ದೇವೆ ಅಂತ ನಮಗೇ ಗೊತ್ತಾಗುವುದಿಲ್ಲ.

ಅದನ್ನು ಕಂಡುಹಿಡಿಯುವ ಒಂದು ದಾರಿ ಹೇಳುತ್ತೇನೆ. ಹೋದ ವರ್ಷ ಒಬ್ಬರು ಹೊಸ .300 ತಂದಿದ್ದರು. ಗಟ್ಟಿ ಆಳು, ಆರಡಿ ಮೇಲೆ. ಗುಂಡುಗಳೆಲ್ಲ ಕೆಳಗೆ ಬಲಕ್ಕೆ ಬೀಳುತ್ತಿವೆ, ಸ್ಕೋಪ್ ಕೆಟ್ಟಿದೆ ಅಂತ ಅವರ ದೂರು. ರೇಂಜ್‌ಗೆ ಕರೆದುಕೊಂಡು ಹೋದೆ. ಮದ್ದಿಲ್ಲದ ಡಮ್ಮಿ ತೋಟೆಗಳನ್ನು ನಿಜವಾದವುಗಳ ಜೊತೆ ಬೆರೆಸಿ, ಅವರಿಗೆ ಕಾಣದ ಹಾಗೆ ಒಂದೊಂದೇ ನಾನೇ ತುಂಬಿಕೊಟ್ಟೆ. ಮೂರನೆಯದು ಡಮ್ಮಿ. ಟಿಕ್ ಅಂತ ಸಣ್ಣ ಸದ್ದು. ಒದೆತ ಇಲ್ಲ, ಹೊಗೆ ಇಲ್ಲ. ಆದರೂ ನಳಿಗೆಯ ತುದಿ ಗಕ್ಕನೆ ಕೆಳಗೆ ಕುಸಿಯಿತು, ಕಣ್ಣು ಮುಚ್ಚಿಕೊಂಡಿತ್ತು, ಭುಜ ಮುಂದಕ್ಕೆ ನುಗ್ಗಿತ್ತು. ಅವರು ತಲೆ ಎತ್ತಿ ನನ್ನನ್ನು ನೋಡಿದರು. ಸ್ಕೋಪ್ ಬಗ್ಗೆ ಆಮೇಲೆ ಮಾತೇ ಬರಲಿಲ್ಲ. ಗೆಳೆಯರ ರೈಫಲ್ಲನ್ನು ಕೊಳ್ಳುವ ಆಸೆ ಇನ್ನೂ ಇದ್ದರೆ ಮೊದಲು ಈ ಪರೀಕ್ಷೆ ಮಾಡಿಸಿಕೊಳ್ಳಿ.

ನನ್ನದೇ ಕಥೆಯನ್ನೂ ಹೇಳಬೇಕು, ಯಾಕೆಂದರೆ ನಿಮ್ಮ ಭಯ ನನಗೆ ಗೊತ್ತು. ಇಲ್ಲಿಗೆ ಬಂದ ಮೂರನೇ ವರ್ಷ ನನ್ನ ಕೈಯಲ್ಲೂ .300 ಇತ್ತು. ದೊಡ್ಡ ತೋಟೆ ಇದೆಯಲ್ಲ ಅನ್ನುವ ಧೈರ್ಯದಲ್ಲಿ, ಸಂಜೆ ಹೊತ್ತಿನಲ್ಲಿ, ಕಣಿವೆಯಾಚೆ ನಿಂತ ಎಲ್ಕ್‌ಗೆ ಹೊಡೆದೆ. ದೂರ ಅಳೆಯಲಿಲ್ಲ. ಗಾಳಿ ನೋಡಲಿಲ್ಲ. ಎಲ್ಕ್ ಬೆನ್ನು ಗೂನು ಮಾಡಿಕೊಂಡು ನಿಧಾನ ನಡೆಯಿತು. ಹೊಟ್ಟೆಗೆ ಬಿದ್ದದ್ದರ ಗುರುತು ಅದು. ಆಗ ನನಗೆ ಗೊತ್ತಿರಲಿಲ್ಲ, ತಕ್ಷಣ ಹಿಂದೆ ಓಡಿದೆ. ಓಡಿಸಿಬಿಟ್ಟೆ ಅನ್ನಬೇಕು. ರಾತ್ರಿ ಹಿಮ ಬಿದ್ದು ರಕ್ತದ ಜಾಡು ಮುಚ್ಚಿಹೋಯಿತು. ಎರಡು ದಿನ ಹುಡುಕಿದೆ. ಮೂರನೇ ದಿನ ಬೆಳಿಗ್ಗೆ ಕಾಗೆಗಳ ಗದ್ದಲ ಕೇಳಿ ಹೋಗಿ ನೋಡಿದರೆ ಒಂದು ತೊರೆಯ ಪಕ್ಕ ಬಿದ್ದಿತ್ತು. ಮಾಂಸ ಕೆಟ್ಟಿತ್ತು. ಆ ತೊರೆಯ ಹತ್ತಿರ ಎಷ್ಟು ಹೊತ್ತು ಕೂತಿದ್ದೆನೋ ನೆನಪಿಲ್ಲ. ಮುಂದಿನ ವರ್ಷ ಆ ರೈಫಲ್ ಮಾರಿ .308 ತಗೊಂಡೆ. ಆಮೇಲಿನ ನನ್ನ ಎಲ್ಕ್‌ಗಳೆಲ್ಲ ಅದರಲ್ಲೇ, ಹೆಚ್ಚಿನವು 150 ಗಜದೊಳಗೆ.

.308 ಹುಟ್ಟಿದ್ದು 1952ರಲ್ಲಿ. ಅದಕ್ಕಿಂತ ಹಳೆಯದು .30-06, ಹೆಸರಿನಲ್ಲೇ 1906 ಇದೆ. ಅಮೆರಿಕದ ಸೈನ್ಯಕ್ಕೆ ಮಾಡಿದ್ದು. ಎರಡರ ಗುಂಡಿನ ದಪ್ಪವೂ ಒಂದೇ. .30-06ಗೆ ಸ್ವಲ್ಪ ವೇಗ ಜಾಸ್ತಿ, ಭಾರದ ಗುಂಡು ಹಾಕಲು ಸ್ವಲ್ಪ ಜಾಗ ಜಾಸ್ತಿ, ಒದೆತವೂ ಸ್ವಲ್ಪ ಜಾಸ್ತಿ. ಯಾರಾದರೂ ಮನೆಯಲ್ಲಿದ್ದ .30-06 ಕೊಟ್ಟರೆ ಕಣ್ಣಿಗೆ ಒತ್ತಿಕೊಂಡು ಇಟ್ಟುಕೊಳ್ಳಿ. 1925ರ .270 ವಿಂಚೆಸ್ಟರ್ ಕೂಡ ಹಾಗೆಯೇ. ಇವುಗಳ ನಡುವಿನ ವ್ಯತ್ಯಾಸ ಎಲ್ಕ್‌ಗೆ ಗೊತ್ತಾಗುವುದಿಲ್ಲ. ನೀವು ಹೊಸದಾಗಿ ಕೊಳ್ಳುತ್ತಿದ್ದೀರಿ, ಮನೆಯಲ್ಲಿ ಇಬ್ಬರು ಹಿಡಿಯಬೇಕು, ಅದಕ್ಕೇ ನನ್ನ ಓಟು .308ಗೆ. 165 ಗ್ರೇನ್ ಬಾಂಡೆಡ್ ಗುಂಡು, ಇಲ್ಲವೇ 150 ಗ್ರೇನ್ ಪೂರ್ತಿ ತಾಮ್ರದ್ದು. 165ರ ಗುಂಡು 200 ಗಜದಲ್ಲಿ ಇನ್ನೂ 1,900 ಫುಟ್-ಪೌಂಡ್ ಉಳಿಸಿಕೊಂಡಿರುತ್ತದೆ. ಚಿಕ್ಕ ಊರಿನ ಅಂಗಡಿಯಲ್ಲೂ ತೋಟೆ ಸಿಗುತ್ತದೆ. ಬೇಟೆಗೆ ಮುನ್ನಾದಿನ ಪೆಟ್ಟಿಗೆ ಮನೆಯಲ್ಲೇ ಮರೆತು ಬಂದವರಿಗೆ ಅದರ ಬೆಲೆ ಗೊತ್ತು.

ನಿಮ್ಮ ಹೆಂಡತಿಗೆ .308 ಜಾಸ್ತಿ ಆಗುತ್ತಾ? ಆಗಲೇಬೇಕು ಅಂತ ಏನಿಲ್ಲ. ಅದಕ್ಕೆ ಒದೆತ ಕಡಿಮೆ ಇರುವ ತೋಟೆಗಳೂ ಮಾರಾಟಕ್ಕಿವೆ, ಹಗುರ ಗುಂಡು, ಕಡಿಮೆ ಮದ್ದು. ಅವರು ಅದರಲ್ಲಿ ಕಲಿಯಲಿ. ಹತ್ತಿರದ ಮ್ಯೂಲ್ ಡೀರ್‌ಗೂ ಅದು ಆಗುತ್ತದೆ, ಎಲ್ಕ್‌ಗೆ ಬೇಡ. ಆದರೆ ಸಣ್ಣ ಮೈಕಟ್ಟಿನವರನ್ನು ಒದೆತಕ್ಕಿಂತ ಮೊದಲು ಕಾಡುವುದು ರೈಫಲ್ಲಿನ ಹಿಂಬದಿಯ ಉದ್ದ. ಅಂಗಡಿಯಲ್ಲಿರುವ ಹೆಚ್ಚಿನ ರೈಫಲ್ಲುಗಳನ್ನು ಸರಾಸರಿ ಗಂಡಸಿನ ಅಳತೆಗೆ ಮಾಡಿರುತ್ತಾರೆ. ಕೈ ಚಾಚಿ, ಕುತ್ತಿಗೆ ಚಾಚಿ, ಹಿಂದಕ್ಕೆ ವಾಲಿ ಹಿಡಿದರೆ .22 ಕೂಡ ನೋವು ಕೊಡುತ್ತದೆ. ಬಿಲ್ಲೆ ಸೇರಿಸಿ ಅಥವಾ ತೆಗೆದು ಹಿಂಬದಿಯ ಉದ್ದ ಹೊಂದಿಸುವ ರೈಫಲ್ಲುಗಳು ಸಿಗುತ್ತವೆ, ಅಂಥದ್ದೇ ನೋಡಿ. ಅವರದೇ ಬೇರೆ ರೈಫಲ್ ಆಗಲಿ ಅಂತಿದ್ದರೆ 7 ಎಂಎಂ-08 ಅಥವಾ ನಿಮ್ಮ ಅಂಗಡಿಯವರು ಹೇಳಿದ 6.5. ಎರಡೂ ಚೆನ್ನ. ಇಬ್ಬರೂ ಕಿವಿಗೆ ರಕ್ಷಣೆ ಹಾಕದೆ ಒಂದು ಗುಂಡೂ ಹಾರಿಸಬೇಡಿ. ಬೆಚ್ಚುವಿಕೆಯ ಅರ್ಧ ಸದ್ದಿನಿಂದಲೇ ಬರುತ್ತದೆ.

ಕೇಳಿದ್ದೀರಿ ಅಂತಲ್ಲ, ಆದರೆ ಬೇಟೆಯ ಮಾತಿನಲ್ಲಿ ಯಾವಾಗಲೂ ಬರುವ .375 ಎಚ್ ಆಂಡ್ ಎಚ್ ಬಗ್ಗೆ ಎರಡು ಮಾತು. 1912ರ ತೋಟೆ. ಆಫ್ರಿಕಾದ ಕಾಡೆಮ್ಮೆ, ಅಲಾಸ್ಕಾದ ದೊಡ್ಡ ಕಂದು ಕರಡಿ ಇಂಥವಕ್ಕೆ ಹಿಡಿಯುವುದು. ಅಲ್ಲಿ ಪ್ರಾಣಿ ತಿರುಗಿ ಮೇಲೆ ಬೀಳಬಹುದು. ಕೊಲೊರಾಡೊದಲ್ಲಿ ನಿಮಗೆ ಅದರ ಕೆಲಸ ಇಲ್ಲ.

ತಾಮ್ರದ ಗುಂಡಿನ ಪರವಾಗಿ ಇನ್ನೊಂದು ಕಾರಣ ಇದೆ, ಅದು ನನಗೆ ಮುಖ್ಯ. ಸೀಸದ ಗುಂಡು ಪ್ರಾಣಿಯ ಮೈಯಲ್ಲಿ ಕಣ್ಣಿಗೆ ಕಾಣದ ಚೂರುಗಳನ್ನು ಬಿಡುತ್ತದೆ. ನೀವು ಕಾಡಲ್ಲಿ ಬಿಟ್ಟುಬಂದ ಕರುಳಿನ ರಾಶಿಯನ್ನು ರಣಹದ್ದು, ಹದ್ದು, ಕಾಗೆಗಳು ತಿನ್ನುತ್ತವೆ. ಕ್ಯಾಲಿಫೋರ್ನಿಯಾದ ಕಾಂಡೋರ್ ರಣಹದ್ದುಗಳು ಹೀಗೆ ಸೀಸದ ವಿಷದಿಂದ ಸತ್ತವು. ಅದಕ್ಕೇ ಆ ರಾಜ್ಯದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ. ನಮ್ಮೂರಲ್ಲಿ ದನದ ನೋವಿನ ಔಷಧಿ ಡೈಕ್ಲೋಫೆನಾಕ್‌ನಿಂದ ರಣಹದ್ದುಗಳು ಹೇಗೆ ಮಾಯವಾದವು ಅನ್ನೋದು ನಿಮಗೆ ನೆನಪಿರಬಹುದು. ಕೊಲೊರಾಡೊದಲ್ಲಿ ಸೀಸ ಕಾನೂನುಬದ್ಧ. ಆದರೆ ಮನೆಯಲ್ಲಿ ಮಕ್ಕಳಿಗೆ ಆ ಮಾಂಸ ಬಡಿಸುವವರು ತಾಮ್ರವನ್ನೇ ಆರಿಸುವುದು ಒಳ್ಳೆಯದು. ಎಲ್ಕ್ ಮಾಂಸದಲ್ಲಿ ಕೊಬ್ಬು ತೀರಾ ಕಡಿಮೆ. ಕಾಚಂಪುಳಿ ಹಾಕಿ ನಿಧಾನ ಬೇಯಿಸಿದರೆ ನಿಮ್ಮ ಕಡೆಯ ರುಚಿ ಚೆನ್ನಾಗಿ ಹಿಡಿಯುತ್ತದೆ. ತಾಮ್ರದ ಒಂದು ಕೊರತೆಯನ್ನೂ ಹೇಳಬೇಕು. ವೇಗ ತೀರಾ ಇಳಿದರೆ ಅದು ಸರಿಯಾಗಿ ಅರಳುವುದಿಲ್ಲ. ಕನಿಷ್ಠ ಎಷ್ಟು ವೇಗ ಬೇಕು ಅಂತ ತಯಾರಕರು ತಿಳಿಸಿರುತ್ತಾರೆ. 200 ಗಜದ ಮಿತಿ ಇಟ್ಟುಕೊಂಡರೆ ಆ ಚಿಂತೆ ಇಲ್ಲ.

ನಿಮ್ಮ ಎಚ್‌-1ಬಿ ಗೆಳೆಯನ ವಿಷಯ ಸೂಕ್ಷ್ಮ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಅದು ಅವರ ಹೆಸರಿನಲ್ಲಿ ಕೈಗೆ ಬರುವವರೆಗೆ ನಿಮ್ಮ ರೈಫಲ್ಲನ್ನು ರೇಂಜ್‌ನಲ್ಲಿ ಕೂಡ ಅವರಿಗೆ ಕೊಡಬೇಡಿ. ಒಂದು ಸಲ ವಕೀಲರನ್ನು ಕೇಳಿಕೊಳ್ಳಲಿ, ಇಲ್ಲಿ ತಪ್ಪಾದರೆ ವೀಸಾಕ್ಕೇ ಕುತ್ತು. ಕೊಡಗಿನಲ್ಲಿ ಕೊಡವರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಆ ಅಭ್ಯಾಸದಲ್ಲಿ ಬೆಳೆದವರಿಗೆ ಇದು ವಿಚಿತ್ರ ಅನ್ನಿಸಬಹುದು. ಹಾಗೆಯೇ ಇಲ್ಲಿ ಕಲಿತದ್ದನ್ನು ರಜೆಯಲ್ಲಿ ಊರಲ್ಲಿ ಪ್ರಯೋಗ ಮಾಡುವ ಮಾತೇ ಇಲ್ಲ. ಕೋವಿ ಇಟ್ಟುಕೊಳ್ಳುವ ಹಕ್ಕು ಬೇರೆ, ಬೇಟೆ ಬೇರೆ. 1972ರ ವನ್ಯಜೀವಿ ಕಾಯ್ದೆ ಅಲ್ಲಿ ಎಲ್ಲರಿಗೂ ಒಂದೇ.

ಇನ್ನು ಅಕ್ಟೋಬರ್‌ವರೆಗೆ ಏನು ಮಾಡಬೇಕು? ಬೆಂಚಿನ ಮೇಲೆ ರೈಫಲ್ ಇಟ್ಟು ಹೊಡೆಯುವುದು ಗುರಿ ಕೂಡಿಸಲು ಮಾತ್ರ. ಅದು ಮುಗಿದ ಮೇಲೆ ಕೂತು, ಮಂಡಿಯೂರಿ, ಬೆನ್ನುಚೀಲಕ್ಕೆ ಒರಗಿಸಿ ಹೊಡೆಯಿರಿ. ಎಂಟು ಇಂಚಿನ ಒಂದು ಪೇಪರ್ ತಟ್ಟೆಯನ್ನು ಕಟ್ಟಿ. ರೇಂಜ್‌ನ ಪಾರ್ಕಿಂಗ್ ಜಾಗದಲ್ಲಿ ಓಡಿ ಬಂದು, ಉಸಿರು ಏರಿರುವಾಗಲೇ ಹೊಡೆಯಿರಿ. ಎಲ್ಕ್ ಇರುವುದು ಒಂಬತ್ತು ಹತ್ತು ಸಾವಿರ ಅಡಿ ಎತ್ತರದಲ್ಲಿ, ಅಲ್ಲಿ ನಿಮ್ಮ ಉಸಿರು ಹೀಗೇ ಇರುತ್ತದೆ. ಐದಕ್ಕೆ ಐದೂ ತಟ್ಟೆಯೊಳಗೆ ಬೀಳುವ ದೂರ ಯಾವುದೋ ಅದೇ ನಿಮ್ಮ ದೂರ. ಅದು 120 ಗಜ ಆದರೆ 120. ನಾನು ಹೇಳಿದ 200 ಮೇಲಿನ ಮಿತಿ.

ಹೊಡೆದ ಮೇಲೆ ಎದ್ದು ಓಡಬೇಡಿ. ಇನ್ನೊಂದು ತೋಟೆ ಏರಿಸಿ, ಪ್ರಾಣಿಯನ್ನೇ ನೋಡುತ್ತಿರಿ. ಇನ್ನೂ ನಿಂತಿದ್ದರೆ, ಜಾಗ ಕಂಡರೆ, ಮತ್ತೆ ಹೊಡೆಯಿರಿ. ಕಣ್ಮರೆಯಾದರೆ ಅದು ಕೊನೆಗೆ ಕಂಡ ಮರವನ್ನು ಗುರುತಿಟ್ಟುಕೊಳ್ಳಿ. ಅರ್ಧ ಗಂಟೆ ಕಾಯಿರಿ. ಗಡಿಯಾರ ನೋಡಿಯೇ ಕಾಯಿರಿ, ಮನಸ್ಸಿನ ಲೆಕ್ಕದಲ್ಲಿ ಐದು ನಿಮಿಷವೂ ಅರ್ಧ ಗಂಟೆ ಅನ್ನಿಸುತ್ತದೆ. ಆಮೇಲೆ ರಕ್ತ ನೋಡಿ. ನೊರೆನೊರೆಯಾಗಿ ತಿಳಿಗೆಂಪು ಇದ್ದರೆ ಶ್ವಾಸಕೋಶ, ಪ್ರಾಣಿ ಹತ್ತಿರದಲ್ಲೇ ಬಿದ್ದಿರುತ್ತದೆ. ಕಪ್ಪಾಗಿದ್ದು ಹಸಿರು ಚೂರು ಸೇರಿದ್ದರೆ ಹೊಟ್ಟೆ. ಆಗ ಬಂದ ದಾರಿಯಲ್ಲೇ ಸದ್ದಿಲ್ಲದೆ ಹಿಂದೆ ಬನ್ನಿ, ನಾಲ್ಕೈದು ಗಂಟೆಯಾದರೂ ಬಿಡಿ. ಬೆನ್ನಟ್ಟದಿದ್ದರೆ ಅದು ಹತ್ತಿರದಲ್ಲೇ ಮಲಗುತ್ತದೆ. ನಾನು ಅವತ್ತು ಇಷ್ಟು ಮಾಡಿದ್ದರೆ ಆ ಎಲ್ಕ್ ಸಿಗುತ್ತಿತ್ತು.

ಒಂದು ಎಚ್ಚರಿಕೆ ಬಾಕಿ ಇದೆ. ಇಬ್ಬರು ಗೆಳೆಯರು ಒಟ್ಟಿಗೆ ರೇಂಜ್‌ಗೆ ಹೋದಾಗ ತೋಟೆಗಳು ಬೆರೆಯುತ್ತವೆ. ಒಂದು ಕೋವಿಗೆ ಇನ್ನೊಂದರ ತೋಟೆ ಕೆಲವೊಮ್ಮೆ ತೂರಿಕೊಳ್ಳುತ್ತದೆ, ಕುದುರೆ ಎಳೆದರೆ ತೋಟೆಯ ಹಿಂದೆ ನಳಿಗೆ ಮುಚ್ಚುವ ಬೋಲ್ಟ್ ಒಡೆದು ಮುಖಕ್ಕೆ ಬರಬಹುದು. .300 ಅಂತ ಹೆಸರಿರುವ ತೋಟೆಗಳೇ ಐದಾರು ಇವೆ, ಎಲ್ಲದರ ಅಳತೆ ಬೇರೆ. ನಳಿಗೆಯ ಮೇಲೆ ಕೊರೆದಿರುವ ಅಕ್ಷರವನ್ನೂ ಪೆಟ್ಟಿಗೆಯ ಮೇಲಿನ ಅಕ್ಷರವನ್ನೂ ಪಕ್ಕಪಕ್ಕ ಇಟ್ಟು ಓದಿ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಬಗೆಯ ಪೆಟ್ಟಿಗೆ ಇರಲಿ. ರೈಫಲ್ ತಂದ ಮೊದಲ ದಿನವೇ ಈ ಅಭ್ಯಾಸ ಮಾಡಿಕೊಳ್ಳಿ, ನಿಮ್ಮ ಹೆಂಡತಿಗೂ ಮಾಡಿಸಿ.